ಅಜ್ಜಿಯ ಬೀಸುವ ಪದಗಳನ್ನು ಖಾತೆಯಿಂದ ಹೊರತಂದ ಇಪ್ಪತ್ತೆಂಟು ದಿನ

ಜೂನ್ 2, 2025

ಅಂಗಡಿ ತೆಗೆದು ಅರ್ಧ ತಾಸೂ ಆಗಿರಲಿಲ್ಲ, ಕಾರಟಗಿಯಿಂದ ಫೋನು ಬಂತು. "ಅಣ್ಣಾರ, ಲಗ್ನಪತ್ರಿಕೆ ಮ್ಯಾಟರ್ ಮೂರು ಸಲ ಮೇಲ್ ಮಾಡೀನ್ರಿ, ಮೂರೂ ಸಲ ವಾಪಸ್ ಬಂತು." ನೋಡಿದರೆ ನನ್ನ ಗೂಗಲ್ ಖಾತೆ ತುಂಬಿಹೋಗಿತ್ತು. ಮೇಲ್, ಡ್ರೈವ್, ಫೋಟೋ ಮೂರಕ್ಕೂ ಸೇರಿ ಪುಕ್ಕಟೆ ಕೊಡುವ ಜಾಗ 15 ಜಿಬಿ. ಅದು ತುಂಬಿದ ಮೇಲೆ ಮೇಲ್ ಬರುವುದೂ ಇಲ್ಲ, ಹೋಗುವುದೂ ಇಲ್ಲ.

ಗಂಗಾವತಿಯಲ್ಲಿ ನನ್ನದು ಝೆರಾಕ್ಸ್, ಡಿಟಿಪಿ ಅಂಗಡಿ. ಮೇಲ್ ನಿಂತರೆ ಕೆಲಸವೇ ನಿಂತ ಹಾಗೆ. ಆದರೆ ಆವತ್ತು ಎದೆ ಧಸಕ್ ಎಂದಿದ್ದು ಮೇಲ್‌ಗಾಗಿ ಅಲ್ಲ. ಇದೇ ಖಾತೆಯಲ್ಲಿ ನಮ್ಮ ಅಜ್ಜಿಯ ಪದಗಳಿವೆ. ಕನಕಗಿರಿ ಹತ್ತಿರದ ನಮ್ಮೂರಿಗೆ ಹಬ್ಬ ಹುಣ್ಣಿಮೆಗೆ ಹೋದಾಗಲೆಲ್ಲ 2016ರಿಂದ 2021ರವರೆಗೆ ಫೋನಿನಲ್ಲಿ ಹಿಡಿದ ಬೀಸುವ ಪದ, ಸೋಬಾನ ಪದ, ಜೋಕುಮಾರನ ಪದ, ಎಲ್ಲ ಸೇರಿ 143 ವಿಡಿಯೊ. ಅಜ್ಜಿ 2022ರಲ್ಲಿ ತೀರಿಕೊಂಡಳು. ಹಿಡಿದ ಎರಡು ಫೋನುಗಳೂ ಈಗ ಇಲ್ಲ. ಆ ದನಿ ಇರುವುದು ಈ ಖಾತೆಯಲ್ಲಿ ಮಾತ್ರ. ಜಾಗ ಮೀರಿದ ಸ್ಥಿತಿಯಲ್ಲೇ ಖಾತೆ ಎರಡು ವರ್ಷ ಉಳಿದರೆ ಒಳಗಿದ್ದದ್ದನ್ನು ತೆಗೆದುಹಾಕಬಹುದು ಎಂಬ ನಿಯಮವೂ ಇದೆ.

ನಾನು ಹಾಕಿಕೊಂಡ ಲೆಕ್ಕ ಇಷ್ಟು: ಎಲ್ಲವನ್ನೂ ಇಳಿಸಿಕೊಳ್ಳುವುದು, ಆಮೇಲೆ ಹಳೆಯ ವಿಡಿಯೊಗಳನ್ನು ಖಾತೆಯಿಂದ ಅಳಿಸಿ ಜಾಗ ಮಾಡುವುದು. ಈ ಲೆಕ್ಕದ ಎರಡನೆಯ ಅರ್ಧ ಪೂರ್ತಿ ತಪ್ಪು ಎಂದು ಗೊತ್ತಾಗಿದ್ದು 26ನೇ ತಾರೀಖಿಗೆ.

ಜೂನ್ 2ರ ಸಂಜೆಯೇ ಗೂಗಲ್ ಟೇಕ್‌ಔಟ್ ತೆರೆದೆ. ಖಾತೆಯಲ್ಲಿರುವುದನ್ನೆಲ್ಲ ಜಿಪ್ ಕಟ್ಟುಗಳಾಗಿ ಇಳಿಸಿಕೊಳ್ಳಲು ಗೂಗಲ್ ಕೊಡುವ ಸೌಲಭ್ಯ ಅದು. ಅಲ್ಲಿ ಮೊದಲಿಗೇ ಎಲ್ಲಕ್ಕೂ ಟಿಕ್ ಬಿದ್ದಿರುತ್ತದೆ. ಅದನ್ನು ಹಾಗೇ ಬಿಟ್ಟೆ. ಜಿಪ್ ಕಟ್ಟಿನ ಅಳತೆ 2 ಜಿಬಿ ಇಟ್ಟೆ, ಲಿಂಕ್ ಮೇಲ್‌ಗೆ ಬರಲಿ ಎಂದು ಒತ್ತಿದೆ. ಆಮೇಲೆ ನೆನಪಾಯಿತು, ಮೇಲ್ ಬರುವುದೇ ನಿಂತಿದೆಯಲ್ಲ. ಮೂರು ದೊಡ್ಡ ಅಟ್ಯಾಚ್‌ಮೆಂಟ್ ಮೇಲ್‌ಗಳನ್ನು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ ಅಷ್ಟಿಷ್ಟು ಜಾಗ ಮಾಡಿಕೊಂಡೆ. ನೀವು ಮಾಡುವುದಾದರೆ ಇದೇ ಮೊದಲ ಕೆಲಸ ಆಗಲಿ.

ಜೂನ್ 4ರಿಂದ 7

ಲಿಂಕ್ ಬಂತು. 37 ಕಟ್ಟು. ಫೋಟೋ, ವಿಡಿಯೊ ಅಷ್ಟೇ ಅಲ್ಲ, ಯೂಟ್ಯೂಬ್, ಮ್ಯಾಪ್, ಡ್ರೈವ್‌ನಲ್ಲಿದ್ದ ಹಳೆಯ ಫ್ಲೆಕ್ಸ್ ಡಿಸೈನ್‌ಗಳು, ಬೇಡದ್ದೆಲ್ಲ ಸೇರಿ 70 ಜಿಬಿ ದಾಟಿತ್ತು.

ಅಂಗಡಿಯ ಕಂಪ್ಯೂಟರ್‌ಗೆ ನೆಟ್ ನನ್ನ ಫೋನಿನ ಹಾಟ್‌ಸ್ಪಾಟ್‌ನಿಂದಲೇ. ದಿನಕ್ಕೆ 2 ಜಿಬಿ ಪ್ಯಾಕ್. ಅಂದರೆ ದಿನಕ್ಕೆ ಒಂದು ಕಟ್ಟು, 37 ಕಟ್ಟಿಗೆ 37 ದಿನ. ಲಿಂಕ್ ಬದುಕಿರುವುದು 7 ದಿನ. ಈ ಸಣ್ಣ ಲೆಕ್ಕವನ್ನು ನಾನು ಮೊದಲೇ ಮಾಡಬೇಕಿತ್ತು. ಹೆಚ್ಚುವರಿ ಡೇಟಾ ಪ್ಯಾಕ್ ಮೂರು ಹಾಕಿಸಿದೆ, ₹147.

ಮೂರನೆಯ ಕಟ್ಟು 1.6 ಜಿಬಿವರೆಗೆ ಬಂದು ನಿಂತಿತು. ಮತ್ತೆ ಒತ್ತಿದೆ, ಕರೆಂಟ್ ಹೋಯಿತು. ಮತ್ತೆ ಒತ್ತಿದೆ, ಗಿರಾಕಿಯೊಬ್ಬರ ಫೋನ್ ಬಂದು ಹಾಟ್‌ಸ್ಪಾಟ್ ಕಡಿಯಿತು. ಹೀಗೆ ಐದು ಸಲ. ಒಂದು ಕಟ್ಟನ್ನು ಐದು ಸಲಕ್ಕಿಂತ ಹೆಚ್ಚು ಇಳಿಸಿಕೊಳ್ಳಲು ಬಿಡುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಅರ್ಧಕ್ಕೆ ನಿಂತದ್ದೂ ಲೆಕ್ಕಕ್ಕೆ ಬಂತು. ಆರನೆಯ ಸಲಕ್ಕೆ ಬಾಗಿಲು ಮುಚ್ಚಿತ್ತು. ಇನ್ನು ಹೊಸದಾಗಿ ಕೇಳಿಕೊಳ್ಳಬೇಕು.

ಡೌನ್‌ಲೋಡ್ ಮ್ಯಾನೇಜರ್ ಹಾಕಿದರೆ ನಿಂತಲ್ಲಿಂದ ಮುಂದುವರಿಸಬಹುದು ಎಂದು ಅದನ್ನೂ ನೋಡಿದೆ. ಈ ಲಿಂಕ್ ಲಾಗಿನ್ ಆದವರಿಗಷ್ಟೇ ತೆರೆದುಕೊಳ್ಳುತ್ತದೆ, ನಡುವೆ ಪಾಸ್‌ವರ್ಡ್ ಮತ್ತೆ ಕೇಳುತ್ತದೆ. ಬೇರೆ ಸಾಫ್ಟ್‌ವೇರ್‌ಗೆ ಕೊಟ್ಟಾಗ ಬಂದದ್ದು ಕೆಲವೇ ಕೆಬಿಯ ಒಂದು ಫೈಲ್. ತೆರೆದು ನೋಡಿದರೆ ಅದು ಲಾಗಿನ್ ಪುಟ. ಬ್ರೌಸರ್‌ನಿಂದಲೇ ಇಳಿಸಬೇಕು.

ಜೂನ್ 8

ಎರಡನೆಯ ಸಲ ಕೇಳಿಕೊಂಡೆ. ಈ ಸಲ ಎಲ್ಲ ಟಿಕ್ ತೆಗೆದು ಫೋಟೋ ಒಂದಕ್ಕೇ ಹಾಕಿದೆ. ಅದರೊಳಗೆ ಹೋದರೆ ವರ್ಷವಾರು ಫೋಲ್ಡರ್, ಆಲ್ಬಮ್ ಬೇಕಾದ್ದನ್ನಷ್ಟೇ ಆರಿಸಲು ಬರುತ್ತದೆ. ನನಗೆ ಎಲ್ಲ ವರ್ಷವೂ ಬೇಕಿತ್ತು, ಬಿಟ್ಟೆ.

ಎಲ್ಲಿಗೆ ಕಳಿಸಲಿ ಎಂಬಲ್ಲಿ ಡ್ರೈವ್ ಎಂದು ಒತ್ತುವವನಿದ್ದೆ. ಅಲ್ಲಿಂದ ನಿಧಾನಕ್ಕೆ ಇಳಿಸಿಕೊಂಡರಾಯಿತು, 7 ದಿನದ ತಲೆಬೇನೆ ಇರುವುದಿಲ್ಲ ಎಂದು. ಪಕ್ಕದಲ್ಲಿ ಕೂತಿದ್ದ ತಂಗಿ ತಡೆದಳು. "ಅಣ್ಣಾ, ಡ್ರೈವ್ ತುಂಬೇತಿ ಅಂತನ ಇದನ್ನ ಮಾಡಾಕತ್ತೀವಿ. ಮತ್ತ ಅದರಾಗ ಎಲ್ಲಿ ಹಾಕ್ತಿ?" ಖರೆ. ಡ್ರೈವ್‌ಗೆ ಹಾಕಿದ ಕಟ್ಟೂ ಅದೇ 15 ಜಿಬಿಯ ಲೆಕ್ಕಕ್ಕೇ ಬೀಳುತ್ತದೆ. ಮೇಲ್ ಲಿಂಕ್ ಎಂದೇ ಇಟ್ಟೆ.

ಅಳತೆಗೆ 1, 2, 4, 10, 50 ಜಿಬಿ ಎಂದು ಇರುತ್ತದೆ. ಗೆಳೆಯನ ನೆಟ್ ಸೆಂಟರ್‌ನಲ್ಲಿ ಫೈಬರ್ ಇದೆ, ಅಲ್ಲಿ ಕೂತು ಮುಗಿಸೋಣ ಎಂದು 10 ಜಿಬಿ ಆರಿಸಿದೆ.

ಜೂನ್ 12, 13

ಕಾರಹುಣ್ಣಿಮೆ ಮುಗಿಸಿ ಊರಿಂದ ಬಂದವನೇ ಗೆಳೆಯನ ಹತ್ತಿರ ಹೋದೆ. 7 ಕಟ್ಟು, ಒಟ್ಟು 61 ಜಿಬಿ. ಫೈಬರ್‌ನಲ್ಲಿ ಒಂದೊಂದು ಕಟ್ಟು ಸುಮಾರು 25 ನಿಮಿಷ. ಒಂದೇ ಸಲಕ್ಕೆ ಎರಡು ಹಚ್ಚದೆ ಒಂದಾದ ಮೇಲೆ ಒಂದು ಇಳಿಸಿದೆ. ನಡುವೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಂದೆ. ಗೆಳೆಯ ದುಡ್ಡು ಮುಟ್ಟಲಿಲ್ಲ.

ಪೆನ್‌ಡ್ರೈವ್ 32 ಜಿಬಿಯದು ಒಯ್ದಿದ್ದೆ, ಎರಡು ಮೂರು ಸಲ ತಿರುಗಾಡಿದರಾಯಿತು ಎಂದು. ಮೊದಲ ಕಟ್ಟನ್ನು ಹಾಕಲು ಹೋದರೆ, ಖಾಲಿ ಪೆನ್‌ಡ್ರೈವ್, ಆದರೂ ಫೈಲ್ ತೀರಾ ದೊಡ್ಡದು ಎಂದು ಬಂತು. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿತ್ತು. ಅದರಲ್ಲಿ 4 ಜಿಬಿಯನ್ನು ಮುಟ್ಟುವ ಒಂದು ಫೈಲ್ ಹಿಡಿಯುವುದೇ ಇಲ್ಲ, ಜಾಗ ಎಷ್ಟೇ ಇರಲಿ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಹಿಡಿಯುತ್ತದೆ. ಆದರೆ ಅಜ್ಜಿಯ ಪದಗಳನ್ನು ಪೆನ್‌ಡ್ರೈವ್‌ನಲ್ಲಿ ಹೊತ್ತು ತಿರುಗುವ ಮನಸ್ಸಾಗಲಿಲ್ಲ. ಮರುದಿನ 1 ಟಿಬಿ ಹಾರ್ಡ್‌ಡಿಸ್ಕ್ ತಂದೆ, ₹5,200. ಏಳೂ ಕಟ್ಟು ಅದಕ್ಕೆ ಹೋದವು. ಗೆಳೆಯನ ಕಂಪ್ಯೂಟರ್‌ನಿಂದ ಕಟ್ಟುಗಳನ್ನು ಅಳಿಸಿ, ಖಾತೆಯಿಂದ ಲಾಗ್‌ಔಟ್ ಆಗಿ ಬಂದೆ. ಹತ್ತು ವರ್ಷದ ಮನೆಯ ಫೋಟೋ ಇರುವ ಕಟ್ಟು ಅದು, ನೆಟ್ ಸೆಂಟರ್‌ನಲ್ಲಿ ಬಿಟ್ಟು ಬರುವ ವಸ್ತು ಅಲ್ಲ.

ಜೂನ್ 15

ಬಿಚ್ಚುವ ಕೆಲಸ. ಇಲ್ಲಿ ಒಂದು ಪೂರ್ತಿ ಐತವಾರ ಹೋಯಿತು.

ಮೊದಲು ಏಳು ಕಟ್ಟುಗಳನ್ನು ಏಳು ಫೋಲ್ಡರ್‌ಗೆ ಬಿಚ್ಚಿದೆ. ಪ್ರತಿ ವಿಡಿಯೊ ಜೊತೆಗೆ ಜೇಸನ್ ಎಂಬ ಒಂದು ಸಣ್ಣ ಫೈಲ್ ಬರುತ್ತದೆ. ಯಾವಾಗ ತೆಗೆದದ್ದು, ನಾವು ಬರೆದ ವಿವರ ಏನು ಎಂಬುದೆಲ್ಲ ಅದರಲ್ಲಿರುತ್ತದೆ. ನೋಡಿದರೆ ವಿಡಿಯೊ ಮೂರನೆಯ ಕಟ್ಟಿನಲ್ಲಿ, ಅದರ ಜೇಸನ್ ನಾಲ್ಕನೆಯದರಲ್ಲಿ. ಕಟ್ಟು ತುಂಬಿದಲ್ಲಿ ಕತ್ತರಿಸಿ ಮುಂದಿನದಕ್ಕೆ ಹಾಕುತ್ತಾ ಹೋಗುವುದು ಅದರ ಕ್ರಮ. ಹಾಗಾಗಿ ಏಳನ್ನೂ ಒಟ್ಟಿಗೆ ಆರಿಸಿ, ಒಂದೇ ಫೋಲ್ಡರ್‌ಗೆ ಬಿಚ್ಚಬೇಕು, ಆಗ ಜೋಡಿಗಳು ತಾವಾಗಿ ಕೂಡುತ್ತವೆ. ಬಿಚ್ಚಲು 7-ಜಿಪ್ ಎಂಬ ಸಾಫ್ಟ್‌ವೇರ್ ಬಳಸಿದೆ, ಪುಕ್ಕಟೆ ಸಿಗುತ್ತದೆ.

ಎರಡನೆಯ ಸಲ ಬಿಚ್ಚುವಾಗ ಕೆಲವು ಫೈಲ್‌ಗಳು ಬಿಚ್ಚಲೇ ಇಲ್ಲ. ನಾನು ಫೋಲ್ಡರ್ ಒಳಗೆ ಫೋಲ್ಡರ್ ಮಾಡಿ, ಒಂದೊಂದಕ್ಕೂ ಉದ್ದುದ್ದ ಕನ್ನಡ ಹೆಸರಿಟ್ಟಿದ್ದೆ. ವಿಂಡೋಸ್‌ನಲ್ಲಿ ಡ್ರೈವ್ ಅಕ್ಷರದಿಂದ ಹಿಡಿದು ಫೈಲ್ ಹೆಸರಿನ ತುದಿಯವರೆಗೆ ಎಲ್ಲ ಕೂಡಿ 260 ಅಕ್ಷರ ಎಂಬ ಹಳೆಯ ಮಿತಿ ಇದೆ. ಡಿಸ್ಕ್‌ನ ಬುಡದಲ್ಲೇ ಒಂದಕ್ಷರದ ಫೋಲ್ಡರ್ ಮಾಡಿ ಅದರೊಳಗೆ ಬಿಚ್ಚಿದೆ, ಎಲ್ಲವೂ ಬಂದವು.

ಎಲ್ಲವೂ ಎಂದೆ, ಐದನೆಯ ಕಟ್ಟು ಬಿಟ್ಟು. ಅದರ ಕೊನೆಗೆ ಕಟ್ಟು ನಡುವೆಯೇ ಮುಗಿದಿದೆ ಎಂಬ ಸಂದೇಶ. ಅಳತೆ ನೋಡಿದರೆ 10 ಜಿಬಿ ಇರಬೇಕಾದದ್ದು 7.8 ಇದೆ. ಬ್ರೌಸರ್ ಪೂರ್ತಿಯಾಯಿತು ಎಂದೇ ತೋರಿಸಿತ್ತು, ನಾನೂ ಅಳತೆ ನೋಡದೆ ಎದ್ದು ಬಂದಿದ್ದೆ. ಅದೃಷ್ಟಕ್ಕೆ ಲಿಂಕ್‌ನ ಏಳು ದಿನ ಇನ್ನೂ ಮುಗಿದಿರಲಿಲ್ಲ, ಆ ಕಟ್ಟಿಗೆ ನಾಲ್ಕು ಸಲ ಉಳಿದಿತ್ತು. ಸಂಜೆ ಮತ್ತೆ ಗೆಳೆಯನ ಹತ್ತಿರ ಹೋಗಿ ತಂದೆ. ಈ ಸಲ ಅಲ್ಲೇ 7-ಜಿಪ್‌ನಲ್ಲಿ ಪರೀಕ್ಷೆ ಮಾಡುವ ಗುಂಡಿ ಒತ್ತಿ, ತಪ್ಪು ಸೊನ್ನೆ ಎಂದು ಬಂದ ಮೇಲೆಯೇ ಎದ್ದೆ. ಇಳಿಸಿದ ಕೂಡಲೇ, ಲಿಂಕ್ ಬದುಕಿರುವಾಗಲೇ ಈ ಪರೀಕ್ಷೆ ಆಗಬೇಕು.

ಜೂನ್ 17

ಪದಗಳ ಒಂದು ರಿಜಿಸ್ಟರ್ ಮಾಡಬೇಕೆಂಬ ಆಸೆ ಮೊದಲಿನಿಂದ ಇತ್ತು: ಯಾವ ಪದ, ಯಾವ ದಿನ, ಯಾವ ಹಬ್ಬ. ಬಿಚ್ಚಿದ ವಿಡಿಯೊಗಳಿಗೆಲ್ಲ ಕಂಪ್ಯೂಟರ್ ತೋರಿಸಿದ್ದು ಮೊನ್ನೆ ಮೊನ್ನೆಯ ತಾರೀಖು. ಸರಿ, ಜೇಸನ್ ಇದೆಯಲ್ಲ ಎಂದು ಅವುಗಳಿಂದ ತಾರೀಖು ಎತ್ತಿ ಎಕ್ಸೆಲ್‌ಗೆ ಹಾಕಿದೆ. ರಾತ್ರಿ ಪಟ್ಟಿಯನ್ನು ಓದುತ್ತಾ ಹೋದೆ, ಅವ್ವ ಪಕ್ಕದಲ್ಲಿ ಕೂತು ಕೇಳುತ್ತಿದ್ದಳು.

"ಬೀಸುವ ಪದ, 2018, ಅಕ್ಟೋಬರ್ 23, ರಾತ್ರಿ 11 ಗಂಟೆ 22 ನಿಮಿಷ."

"ಸರಿರಾತ್ರ್ಯಾಗ ಯಾರ ಬೀಸ್ತಾರೋ? ನಿಮ್ಮಜ್ಜಿ ಎಂಟಕ್ಕ ಮಕ್ಕೊಳ್ತಿದ್ಲು."

ವಿಡಿಯೊ ಹಚ್ಚಿದೆ. ನಡುಮನೆಯಲ್ಲಿ ಒಂದೇ ಒಂದು ಬಲ್ಬು. ಅಜ್ಜಿ ಒಂದು ಕಾಲು ಚಾಚಿ, ಒಂದು ಕಾಲು ಮಡಚಿ ಕೂತಿದ್ದಾಳೆ, ಬಲಗೈ ಗೂಟ ಹಿಡಿದಿದೆ, ಎಡಗೈ ಹಿಡಿಹಿಡಿ ಜೋಳ ಹಾಕುತ್ತಿದೆ. ಕಲ್ಲು ಒಂದು ಸುತ್ತು ಬರುವುದಕ್ಕೂ ಪದದ ಒಂದು ಸಾಲು ಮುಗಿಯುವುದಕ್ಕೂ ಸರಿಹೋಗುತ್ತದೆ. ಮೂರನೆಯ ನುಡಿಗೆ ಹಿತ್ತಲಲ್ಲಿ ಕೋಳಿ ಕೂಗುತ್ತದೆ. ಅದು ರಾತ್ರಿ ಅಲ್ಲ. ನನಗೂ ನೆನಪಾಯಿತು, ಅದು ಸೀಗಿ ಹುಣ್ಣಿಮೆಯ ನಸುಕು. ಚರಗಕ್ಕೆ ಹೊಲಕ್ಕೆ ಹೋಗುವ ದಿನ. ಮನೆಯಲ್ಲಿ ಗಿರಣಿ ಹಿಟ್ಟು ಇದ್ದರೂ ಅವತ್ತಿನ ಒಂದು ಪಾವು ಜೋಳ ತಾನೇ ಬೀಸಬೇಕೆಂದು ಕೂತಿದ್ದಳು. 2018ರಲ್ಲಿ ಸೀಗಿ ಹುಣ್ಣಿಮೆ ಬಂದದ್ದು ಅಕ್ಟೋಬರ್ 24ಕ್ಕೆ.

ಜೇಸನ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಮತ್ತೆ ನೋಡಿದೆ. ತೆಗೆದ ಸಮಯ ಎಂಬಲ್ಲಿ 1540336920 ಎಂಬ ಸಂಖ್ಯೆ, ಅದರ ಕೆಳಗೆ ಅಕ್ಟೋಬರ್ 23, ರಾತ್ರಿ 11:22, ಕೊನೆಗೆ ಯುಟಿಸಿ. ಆ ಕೊನೆಯ ಮೂರು ಅಕ್ಷರಗಳನ್ನು ನಾನು ಬಿಟ್ಟು ಓದಿದ್ದೆ. ಸಂಖ್ಯೆ ಎಂದರೆ 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳು, ಅದೂ ಯುಟಿಸಿ, ಅಂದರೆ ಎಲ್ಲ ದೇಶಗಳ ಗಡಿಯಾರಕ್ಕೂ ಆಧಾರವಾದ ಸಮಯದ ಲೆಕ್ಕದಲ್ಲಿ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ತಾಸು ಮುಂದೆ. ಐದೂವರೆ ತಾಸಿಗೆ 19800 ಸೆಕೆಂಡು. ಎಕ್ಸೆಲ್‌ನಲ್ಲಿ ಸಂಖ್ಯೆಗೆ 19800 ಕೂಡಿಸಿ, 86400ರಿಂದ ಭಾಗಿಸಿ, 25569 ಕೂಡಿಸಿ, ಆ ಕಾಲಮ್ಮಿಗೆ ತಾರೀಖಿನ ಫಾರ್ಮ್ಯಾಟ್ ಕೊಟ್ಟರೆ ನಮ್ಮ ಸಮಯ ಬರುತ್ತದೆ. ಬಂತು: 24 ಅಕ್ಟೋಬರ್ 2018, ಬೆಳಗಿನ 4:52.

143ರಲ್ಲಿ 38 ಪದಗಳು ಬೆಳಗಿನ ಐದೂವರೆಗಿಂತ ಮುಂಚಿನವು. ಬೀಸುವ ಪದ ಎಂದರೆ ನಸುಕಿನ ಪದವೇ ಅಲ್ಲವೇ. ಆ 38ಕ್ಕೂ ಒಂದು ದಿನ ಹಿಂದಿನ ತಾರೀಖು ಬಿದ್ದಿತ್ತು. ಅವ್ವ ಆ ಒಂದು ಮಾತು ಹೇಳದಿದ್ದರೆ ನನ್ನ ರಿಜಿಸ್ಟರ್‌ನಲ್ಲಿ ಹುಣ್ಣಿಮೆಯ ಪದಗಳೆಲ್ಲ ಚತುರ್ದಶಿಗೆ ಹೋಗಿ ಕೂತಿರುತ್ತಿದ್ದವು, ಮುಂದೆ ಯಾರಿಗೂ ತಿಳಿಯುತ್ತಿರಲಿಲ್ಲ.

ಜೂನ್ 19ರಿಂದ 22

ತಾರೀಖು ರಿಜಿಸ್ಟರ್‌ನಲ್ಲಿದ್ದರೆ ಸಾಲದು, ಫೈಲ್‌ನೊಳಗೇ ಇರಬೇಕು. ಅದಕ್ಕೆ ಎಕ್ಸಿಫ್‌ಟೂಲ್ ಎಂಬ ಸಾಫ್ಟ್‌ವೇರ್ ಬಳಸಿದೆ. ಫಿಲ್ ಹಾರ್ವೆ ಎಂಬುವರು ಬರೆದು ಪುಕ್ಕಟೆ ಕೊಟ್ಟಿರುವುದು. ಗುಂಡಿಗಳಿಲ್ಲ, ಕಪ್ಪು ಪರದೆಯಲ್ಲಿ ಆಜ್ಞೆ ಬರೆಯಬೇಕು. ಜೇಸನ್‌ನಿಂದ ಸಮಯ ಓದಿ ಅದೇ ಹೆಸರಿನ ವಿಡಿಯೊಗೆ ಬರೆ ಎಂದು ಹೇಳಬಹುದು.

ಮೊದಲ ತಪ್ಪು: ಐದು ಫೈಲ್ ಮೇಲೆ ನೋಡದೆ ಇಡೀ ಫೋಲ್ಡರ್ ಮೇಲೆ ಓಡಿಸಿದೆ. ರಾತ್ರಿಯಿಡೀ ಓಡಿತು. ಬೆಳಗ್ಗೆ ಸೀಗಿ ಹುಣ್ಣಿಮೆಯ ಪದ ನೋಡಿದರೆ ಅಕ್ಟೋಬರ್ 23, ಸಂಜೆ 4:22. ಇದು ಯುಟಿಸಿಯೂ ಅಲ್ಲ, ನಮ್ಮದೂ ಅಲ್ಲ. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಸಿಕ್ಕಿತು. ಏಪ್ರಿಲ್‌ನಲ್ಲಿ ವಿಂಡೋಸ್ ಹೊಸದಾಗಿ ಹಾಕಿದಾಗ ಸಮಯ ವಲಯ ಅಮೆರಿಕದ ಪೆಸಿಫಿಕ್‌ನಲ್ಲೇ ಉಳಿದಿತ್ತು. ಗಡಿಯಾರ ತಪ್ಪು ತೋರಿಸುತ್ತಿದೆ ಎಂದು ನಾನು ಮುಳ್ಳನ್ನಷ್ಟೇ ಕೈಯಿಂದ ಸರಿಸಿದ್ದೆ, ವಲಯ ಬದಲಿಸಿರಲಿಲ್ಲ. ಸೆಕೆಂಡುಗಳ ಸಂಖ್ಯೆಯನ್ನು ಎಕ್ಸಿಫ್‌ಟೂಲ್ ಕಂಪ್ಯೂಟರಿನ ವಲಯಕ್ಕೆ ತಕ್ಕಂತೆ ತಿರುಗಿಸುತ್ತದೆ. ವಲಯ ಚೆನ್ನೈ, ಕೋಲ್ಕತ್ತ, ಮುಂಬೈ, ನವದೆಹಲಿ ಎಂದಿರುವ ಸಾಲಿಗೆ ಬದಲಿಸಿದೆ.

ಉಳಿಸಿದ್ದು ಒಂದೇ ಸಂಗತಿ. ಎಕ್ಸಿಫ್‌ಟೂಲ್ ಫೈಲ್‌ನೊಳಗೆ ಬರೆಯುವಾಗ ಮೂಲ ಫೈಲನ್ನು ಹೆಸರಿನ ಕೊನೆಗೆ ‘ಒರಿಜಿನಲ್’ ಎಂದು ಸೇರಿಸಿ ಪಕ್ಕದಲ್ಲೇ ಇಟ್ಟುಕೊಂಡಿರುತ್ತದೆ. ಡಿಸ್ಕ್‌ನಲ್ಲಿ ಜಾಗ ಎರಡು ಪಟ್ಟು ತಿಂದಿತು ಎಂದು ಹಿಂದಿನ ದಿನ ಬೇಸರಪಟ್ಟಿದ್ದು ಇದಕ್ಕೇ. ಆ ಮೂಲಗಳನ್ನು ವಾಪಸ್ ತಂದು ಮತ್ತೆ ಮೊದಲಿನಿಂದ ಶುರು ಮಾಡಿದೆ. ಮೂಲ ಇಡಬೇಡ ಎಂದು ಹೇಳುವ ಆಜ್ಞೆಯೂ ಇದೆ, ಮೊದಲ ಸುತ್ತಿಗೆ ಅದನ್ನು ಮುಟ್ಟಬೇಡಿ.

ವಿಡಿಯೊಗಳದ್ದು ಇನ್ನೊಂದು ಬಗೆ. ಎಂಪಿ4 ಫೈಲ್‌ನೊಳಗಿನ ತಾರೀಖು ಯುಟಿಸಿಯಲ್ಲೇ ಇರಬೇಕೆಂಬುದು ಆ ಫಾರ್ಮ್ಯಾಟಿನ ನಿಯಮ, ಫೋಟೋದ್ದು ಸ್ಥಳೀಯ ಸಮಯ. ಎಕ್ಸಿಫ್‌ಟೂಲ್‌ಗೆ ವಿಡಿಯೊ ಸಮಯವನ್ನು ಯುಟಿಸಿ ಎಂದೇ ಹಿಡಿ ಎಂದು ಬೇರೆಯಾಗಿ ಹೇಳಬೇಕಾಗುತ್ತದೆ. ಫೋಟೋಗಳನ್ನು ಒಂದು ಸುತ್ತು, ವಿಡಿಯೊಗಳನ್ನು ಇನ್ನೊಂದು ಸುತ್ತು ಮಾಡಿದೆ. ಇಷ್ಟಾದ ಮೇಲೂ ನನಗೆ ಸಮಾಧಾನ ಆಗಲಿಲ್ಲ, ವಿಡಿಯೊಗಳ ಹೆಸರಿನಲ್ಲೇ ತಾರೀಖು, ಸಮಯ ಬರೆದೆ: 2018-10-24, 0452 ಎಂದು ಶುರುವಾಗುವ ಹಾಗೆ. ಯಾವ ಸಾಫ್ಟ್‌ವೇರೂ ಇಲ್ಲದವರು ನಾಳೆ ಇದನ್ನು ತೆರೆದರೂ ಕಣ್ಣಿಗೆ ಕಾಣುತ್ತದೆ.

211 ಫೈಲ್‌ಗಳಿಗೆ ಜೋಡಿ ಜೇಸನ್ ಸಿಗಲಿಲ್ಲ ಎಂದು ಬಂತು. ಕೈಯಿಂದ ನೋಡಿದೆ. 94ರಲ್ಲಿ ಹೆಸರಿನಲ್ಲಿ ಆವರಣದೊಳಗೆ ಬರುವ (1) ಎಂಬ ಅಂಕಿ ಜಾಗ ಬದಲಿಸಿತ್ತು: ವಿಡಿಯೊದಲ್ಲಿ ಹೆಸರಿನ ಕೊನೆಗೆ, ಜೇಸನ್‌ನಲ್ಲಿ ಎಂಪಿ4 ಎಂಬುದನ್ನೂ ದಾಟಿ ಆಚೆಗೆ. 71ರಲ್ಲಿ ಜೇಸನ್ ಹೆಸರು ಉದ್ದವಾಯಿತೆಂದು ನಡುವೆ ಕತ್ತರಿಸಿತ್ತು. ಈಗೀಗ ‘ಸಪ್ಲಿಮೆಂಟಲ್ ಮೆಟಾಡೇಟಾ’ ಎಂಬ ಬಾಲ ಬೇರೆ ಸೇರುವುದರಿಂದ ಅದು ‘ಸಪ್ಲಿಮೆ’ ಎಂದೋ ‘ಸಪ್’ ಎಂದೋ ನಿಂತಿರುತ್ತದೆ. ಉಳಿದ 46 ನಾನು ಎಡಿಟ್ ಮಾಡಿದ ಪ್ರತಿಗಳು, ಅವಕ್ಕೆ ಸ್ವಂತ ಜೇಸನ್ ಇರುವುದಿಲ್ಲ, ಮೂಲದ್ದನ್ನೇ ಕೊಡಬೇಕು. ಎರಡು ರಾತ್ರಿ ಹಿಡಿಯಿತು.

ಜೂನ್ 24

ಎಣಿಕೆ. ಒಂದೇ ವಿಡಿಯೊ ವರ್ಷದ ಫೋಲ್ಡರ್‌ನಲ್ಲೂ ಆಲ್ಬಮ್ ಫೋಲ್ಡರ್‌ನಲ್ಲೂ ಎರಡು ಸಲ ಬಂದಿರುತ್ತದೆ, ಹಾಗಾಗಿ ಒಟ್ಟು ಎಣಿಕೆ ಉಪಯೋಗವಿಲ್ಲ. ‘ಅಜ್ಜಿಯ ಪದ’ ಆಲ್ಬಮ್ ಒಂದನ್ನೇ ಎಣಿಸಿದೆ. ಖಾತೆಯಲ್ಲಿ 143, ಡಿಸ್ಕ್‌ನಲ್ಲಿ 143. ಪ್ರತಿಯೊಂದನ್ನೂ ತೆರೆದು ಮೊದಲು, ನಡುವೆ, ಕೊನೆ ಮೂರು ಕಡೆ ಕೇಳಿದೆ. ಅಂಗಡಿಯಲ್ಲಿದ್ದ ಹಳೆಯ 500 ಜಿಬಿ ಡಿಸ್ಕ್‌ಗೆ ₹350ರ ಕೇಸ್ ಹಾಕಿ ಎರಡನೆಯ ಪ್ರತಿ ಮಾಡಿ ತಂಗಿಯ ಮನೆಗೆ ಕೊಟ್ಟೆ. ಒಟ್ಟು ಖರ್ಚು ₹5,697.

ಜೂನ್ 26

ಇನ್ನು ಅಳಿಸುವ ಕೆಲಸ. 2016ರಿಂದ 2020ರವರೆಗಿನ ವಿಡಿಯೊಗಳನ್ನು ಆರಿಸಿ, ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟಾಗ ಒಂದು ಅನುಮಾನ ಬಂತು. ಖಾತೆಯ ಜಾಗ 15 ಜಿಬಿ, ಇಳಿದು ಬಂದದ್ದು ಮಾತ್ರ 61 ಜಿಬಿ. ಉಳಿದ 46 ಎಲ್ಲಿ ಕೂತಿತ್ತು?

ಉತ್ತರ ಹಳೆಯ ನಿಯಮದಲ್ಲಿತ್ತು. ಗೂಗಲ್ ಫೋಟೋದ ಹೈ ಕ್ವಾಲಿಟಿ ಎಂಬ ಆಯ್ಕೆಯಲ್ಲಿ 2021ರ ಜೂನ್ 1ಕ್ಕಿಂತ ಮೊದಲು ಏರಿಸಿದ್ದು 15 ಜಿಬಿಯ ಲೆಕ್ಕಕ್ಕೇ ಬರುವುದಿಲ್ಲ. ನನ್ನ ಫೋನ್ ಮೊದಲಿನಿಂದ ಅದೇ ಆಯ್ಕೆಯಲ್ಲಿತ್ತು. ಅಂದರೆ ಅಜ್ಜಿಯ ಹಳೆಯ ಪದಗಳನ್ನೆಲ್ಲ ಅಳಿಸಿದ್ದರೂ ಒಂದು ಎಂಬಿ ಜಾಗವೂ ಆಗುತ್ತಿರಲಿಲ್ಲ. ಬೆರಳು ತೆಗೆದೆ.

ಜಾಗ ಯಾವುದಕ್ಕೆ ಎಷ್ಟು ಹೋಗಿದೆ ಎಂಬ ಪುಟ ನೋಡಿದೆ. ಮೇಲ್ ಒಂದೇ 9.4 ಜಿಬಿ. ಹುಡುಕುವ ಪೆಟ್ಟಿಗೆಯಲ್ಲಿ 10 ಎಂಬಿಗಿಂತ ದೊಡ್ಡ ಮೇಲ್ ಎಂದು ಕೇಳಿದರೆ ಹತ್ತು ವರ್ಷದ ಲಗ್ನಪತ್ರಿಕೆ, ಬ್ಯಾನರ್, ಕೋರೆಲ್ ಫೈಲ್‌ಗಳು, ಜಾತ್ರೆಯ ಫ್ಲೆಕ್ಸ್‌ಗೆ ಕಳಿಸಿದ ಫೋಟೋಗಳು. ಎಲ್ಲ ಕೆಲಸ ಮುಗಿದು ದುಡ್ಡೂ ಬಂದವು. ಎರಡು ತಾಸಿನಲ್ಲಿ 7 ಜಿಬಿ ಖಾಲಿಯಾಯಿತು, ಕಾರಟಗಿಯವರ ಮೇಲ್‌ಗಳು ಸಲೀಸಾಗಿ ಬರತೊಡಗಿದವು. ಪದಗಳು ಖಾತೆಯಲ್ಲೂ ಇವೆ, ಎರಡು ಡಿಸ್ಕ್‌ನಲ್ಲೂ ಇವೆ.

ಜೂನ್ 29

ಆರು ವಿಡಿಯೊ ಉಳಿದವು. ಜೇಸನ್ ಇದೆ, ಆದರೆ ಆರಕ್ಕೂ ಒಂದೇ ದಿನ, 9 ಜನವರಿ 2020. ಇವು ನಾನು ಹಿಡಿದವಲ್ಲ, ತಂಗಿಯ ಗಂಡ ಹಿಡಿದು ಆಮೇಲೆ ಯಾವಾಗಲೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದವು. ಹಾಗೆ ಬಂದ ವಿಡಿಯೊದಲ್ಲಿ ಹಿಡಿದ ದಿನ ಉಳಿಯುವುದಿಲ್ಲ, ನನಗೆ ತಲುಪಿದ ದಿನ ಉಳಿದಿದೆ. ಅವರ ಆ ಫೋನೂ ಈಗಿಲ್ಲ.

ಇವತ್ತು ಮಧ್ಯಾಹ್ನ ಮೊದಲನೆಯದನ್ನು ಅವ್ವನಿಗೆ ತೋರಿಸಿದೆ. ಪದ ಕೇಳುತ್ತಾ ಕೂತವಳು ನಡುವೆ ಪರದೆಯ ಹತ್ತಿರ ಬಾಗಿದಳು. "ನಿಂದರ್ಸು. ಕೈ ತೋರ್ಸು." ನಿಲ್ಲಿಸಿ ದೊಡ್ಡದು ಮಾಡಿದೆ. ಗೂಟ ಹಿಡಿದ ಕೈಯಲ್ಲಿ ಹೊಸ ಹಸಿರು ಬಳೆ, ಎರಡೂ ಕಡೆ ಒಂದೊಂದು ಬಂಗಾರದ ಚುಕ್ಕೆಯವು.

"ಇವು ನಿನ್ನ ತಂಗಿ ಕುಬಸದಾಗ ಇಟ್ಟ ಬಳಿ. ವಾರೊಪ್ಪತ್ನ್ಯಾಗ ಒಡದ್ವು, ಮುಸುರಿ ತಿಕ್ಕೂಮುಂದ."

ಕುಬಸದ, ಅಂದರೆ ತಂಗಿಯ ಸೀಮಂತದ ಫೋಟೋಗಳು ಡಿಸ್ಕ್‌ನಲ್ಲಿದ್ದವು, 17 ಫೆಬ್ರವರಿ 2019. ವಿಡಿಯೊ ಹೆಸರನ್ನು 2019-02 ಎಂದಷ್ಟೇ ಬದಲಿಸಿ, ರಿಜಿಸ್ಟರ್‌ನ ಸಮಯದ ಕಾಲಮ್ಮಿನಲ್ಲಿ ‘ಬಳೆ ನೋಡಿ ಅವ್ವ ಹೇಳಿದ್ದು’ ಎಂದು ಬರೆದೆ. ಐದು ಉಳಿದಿವೆ. ಬರುವ ಐತವಾರ ತಂಗಿಯೂ ಬರುತ್ತೇನೆ ಎಂದಿದ್ದಾಳೆ.